ಒಂದು ಕುರ್ಚಿ ಕಡಿಮೆ

“ಹನ್ನೆರಡು ಕುರ್ಚಿ ಕೊಟ್ಟಿದ್ವಿ, ಹನ್ನೊಂದು ವಾಪಸ್ ಬಂದಿದೆ. ಇನ್ನೊಂದು ಎಲ್ಲಿ ಮೇಡಂ?” ಸಾಹೇಬರು ಮೂರನೆಯ ಸಲ ಕೇಳಿದರು.

ಗಣಿತದ ಟೀಚರು ಮೂರನೆಯ ಸಲವೂ ಅದೇ ಉತ್ತರ ಕೊಟ್ಟರು. “ವಯಸ್ಸಾದವರೊಬ್ಬರಿಗೆ ಕೂರೋಕೆ ಕೊಟ್ಟಿದ್ದೆ ಸರ್. ಕಾಲು ಅಲ್ಲಾಡ್ತಿತ್ತು, ಸರಿ ಮಾಡಿ ತರ್ತೀನಿ ಅಂತ ತಗೊಂಡು ಹೋಗಿದ್ದಾರೆ. ಬಡಗಿ ಅವರು, ತರ್ತಾರೆ. ಅದಿರಲಿ, ಆ ಮೂವತ್ತಮೂರು ಜನರ ವಿಷಯ...”

“ಅದಕ್ಕೆ ಆಮೇಲೆ ಬರೋಣ.”

ನಗರಸಭೆ ಚುನಾವಣೆ ಮುಗಿದು ಎಂಟು ದಿನವಾಗಿತ್ತು. ಏಳನೆಯ ಮತಗಟ್ಟೆಯನ್ನು ನೋಡಿಕೊಂಡಿದ್ದ ಟೀಚರನ್ನು ಪರಿಶೀಲನಾ ಸಭೆಗೆ ಕರೆಸಿದ್ದರು. ಸಭೆ ಎಂದರೆ ಮೇಜಿನ ಆಚೆ ಚುನಾವಣಾ ಕಚೇರಿಯ ಸಾಹೇಬರು, ಈಚೆ ಟೀಚರು, ಮೂಲೆಯಲ್ಲಿ ಝೆರಾಕ್ಸ್ ಯಂತ್ರಕ್ಕೆ ಒರಗಿಕೊಂಡಂತೆ ಕೂತ ಗುಮಾಸ್ತ, ಅಷ್ಟೇ. ನಡುವೆ ನಲವತ್ತು ಕಾಲಮ್ಮಿನ ವರದಿ. ಕುಡಿಯುವ ನೀರಿತ್ತೇ, ಫ್ಯಾನು ತಿರುಗಿತೇ, ಅರಗಿನ ಕಡ್ಡಿ ಎಷ್ಟು ಉಳಿಯಿತು, ಎಲ್ಲಕ್ಕೂ ಒಂದೊಂದು ಕಾಲಂ. ಓಟು ಹಾಕಲು ಬಂದು, ಬೆರಳಿಗೆ ಶಾಯಿಯಿಲ್ಲದೆ ಮನೆಗೆ ಹೋದವರಿಗೆ ಮಾತ್ರ ಕಾಲಂ ಇರಲಿಲ್ಲ.

ಟೀಚರು ಮತದಾರರ ಪಟ್ಟಿಯನ್ನು ಸಾಹೇಬರ ಮುಂದೆ ಬಿಡಿಸಿ ಹಿಡಿದರು. “ನೋಡಿ ಸರ್. ನಾನೂರ ಹನ್ನೆರಡು ಆದ ಮೇಲೆ ನೇರ ನಾನೂರ ನಲವತ್ತಾರು. ಈ ಹಾಳೆಯ ಹಿಂಬದಿ ಝೆರಾಕ್ಸ್ ಆಗಿಲ್ಲ. ಒಂದಿಡೀ ಬೀದಿ ಅಲ್ಲಿತ್ತು. ಆ ದಿನ ನಿಮ್ಮ ಆಫೀಸಿಗೆ ಎಷ್ಟು ಸಲ ಫೋನ್ ಮಾಡಿದೆ. ಪಟ್ಟೀಲಿ ಇಲ್ಲ ಅಂದ್ರೆ ಇಲ್ಲ, ಕಳಿಸಿಬಿಡಿ ಅಂದ್ರು.”

ಗುಮಾಸ್ತ ತಲೆ ಬಗ್ಗಿಸಿ, ಡಬ್ಬಿಯಲ್ಲಿದ್ದ ಗುಂಡುಸೂಜಿಗಳನ್ನು ಸುರಿದುಕೊಂಡು ಮತ್ತೆ ಡಬ್ಬಿಗೇ ತುಂಬತೊಡಗಿದ. ಐವತ್ತು ಮತಗಟ್ಟೆಗಳ ಪಟ್ಟಿಯನ್ನು ಎರಡೇ ದಿನದಲ್ಲಿ ಒಬ್ಬನೇ ಝೆರಾಕ್ಸ್ ಮಾಡಿದವನು ಅವನು. ಅದು ಟೀಚರಿಗೂ ಗೊತ್ತಿತ್ತು. ಅವರು ಆ ಕಡೆ ನೋಡಲಿಲ್ಲ.

“ಗೆದ್ದವರು ಗೆದ್ದಿರೋದೇ ಹನ್ನೊಂದು ಓಟಲ್ಲಿ,” ಸಾಹೇಬರು ದನಿ ತಗ್ಗಿಸಿದರು. “ಈಗ ಮೂವತ್ತಮೂರು ಅಂತ ನೀವು ಬರೆದ್ರೆ ಏನಾಗುತ್ತೆ, ಲೆಕ್ಕ ಹೇಳಿಕೊಡೋರು ನೀವು, ನಿಮಗೆ ನಾನು ಹೇಳಬೇಕಾ? ಇರಲಾರದೆ ಇರುವೆ ಬಿಟ್ಕೋಬೇಡಿ.”

“ಬರೀದೆ ಹೋದ್ರೆ ಮುಂದಿನ ಸಲವೂ ಇದೇ ಪ್ರತಿ ನೋಡಿ ಪಟ್ಟಿ ಮಾಡ್ತೀರಿ ಸರ್. ಆ ಬೀದಿಯವರು ಮತ್ತೆ ಬಂದು, ಬಿಸಿಲಲ್ಲಿ ನಿಂತು, ವಾಪಸ್ ಹೋಗ್ತಾರೆ.”

“ಅಷ್ಟು ಹಟ ಇದ್ರೆ ವರದಿಯ ಹಿಂಬದೀಲಿ ಬರೀರಿ. ಕಾಲಂ ಇಲ್ಲದ್ದನ್ನ ಮುಂದೆ ಬರೆಯೋ ಹಾಗಿಲ್ಲ.”

ಟೀಚರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಹಿಂಬದೀಲಿ ಇದ್ದಿದ್ದಕ್ಕೇ ಅಲ್ವಾ ಸರ್ ಆ ಬೀದಿ ಕಾಣೆಯಾಗಿದ್ದು?”

ಅಷ್ಟರಲ್ಲಿ ಬಾಗಿಲಿಗೆ ಏನೋ ತಗಲಿದ ಸದ್ದಾಯಿತು. ಕುರ್ಚಿಯೊಂದು ತಲೆಕೆಳಗಾಗಿ ಒಳಗೆ ಬಂತು. ಅದರ ಕೆಳಗೆ ಬಡಗಿ.

“ತಡ ಆಯ್ತು ತಾಯಿ,” ಕುರ್ಚಿ ಇಳಿಸಿ, ಹೆಗಲ ಬಟ್ಟೆಯಿಂದ ಒರೆಸಿ ನಿಲ್ಲಿಸಿದರು. “ಒಂದು ಕಾಲು ಅಂತ ಕೈ ಹಾಕಿದೆ, ನೋಡಿದ್ರೆ ನಾಲ್ಕೂ ಸಡಿಲ. ಪಾಪ, ಅವತ್ತು ಇಡೀ ದಿನ ನನ್ನ ಹೊತ್ತಿದೆ ಇದು.”

ಸಾಹೇಬರ ಮುಖ ಆ ದಿನ ಮೊದಲ ಸಲ ಅರಳಿತು. ಎದ್ದು ಬಂದು ಕುರ್ಚಿಯನ್ನು ಅಲ್ಲಾಡಿಸಿ ನೋಡಿದರು. ಅದು ಜಗ್ಗಲಿಲ್ಲ. “ಸದ್ಯ, ಬಂತಲ್ಲ. ಯಾಕೆ ಹೊರಗೆ ಹೋಯ್ತು, ಯಾಕೆ ತಡ ಆಯ್ತು, ಎಲ್ಲ ಹದಿನಾಲ್ಕನೇ ಕಾಲಮ್ಮಲ್ಲಿ ಬರೀರಿ ಮೇಡಂ. ಒಂದಕ್ಷರ ಬಿಡಬೇಡಿ. ಮೇಲಿನವರು ಪೂರ್ತಿ ಓದೋದು ಸಾಮಾನಿನ ಕಾಲಂ ಒಂದನ್ನೇ.” ವರದಿಯ ಕೊನೆಗೆ ಸಹಿ ಎಳೆದು, ಕೈಗಡಿಯಾರ ನೋಡಿಕೊಂಡು, ಅವರು ಇನ್ನೊಂದು ಸಭೆಗೆ ಹೊರಟುಹೋದರು.

“ನಮ್ಮ ಬೀದಿ ವಿಷಯ ಏನಾಯ್ತು ತಾಯಿ?” ಬಡಗಿ ಮೆಲ್ಲಗೆ ಕೇಳಿದರು.

ಟೀಚರು ವರದಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಹದಿನಾಲ್ಕನೆಯ ಕಾಲಮ್ಮನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಕರಿಹಲಗೆಯ ಮೇಲೆ ಬರೆಯುವ ಹಾಗೆ ದುಂಡಗೆ ಬರೆಯತೊಡಗಿದರು: ‘ಕುರ್ಚಿ ಒಂದು, ತಡವಾಗಿ ಬಂದಿದೆ. ಕಾರಣ: ಮತದಾರರೊಬ್ಬರು ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಇದರ ಮೇಲೆ ಕೂತು, ಪಟ್ಟಿಯಲ್ಲಿ ಬಿಟ್ಟುಹೋದ ತಮ್ಮ ಹೆಸರಿಗಾಗಿ ಕಾದರು. ಅವರನ್ನೂ ಸೇರಿಸಿ ಓಟು ಹಾಕಲಾಗದೆ ಹಿಂದಿರುಗಿದ ಮೂವತ್ತಮೂರು ಜನ ಇವರು.’

“ಯಜಮಾನ್ರೇ, ಕೂತ್ಕೊಳ್ಳಿ,” ಎಂದರು. “ನಿಮ್ಮ ಬೀದಿಯ ಆ ತುದಿಯಿಂದ ಒಂದೊಂದೇ ಹೆಸರು ಹೇಳಿ.”

ಬಡಗಿ ತಾವೇ ಗಟ್ಟಿ ಮಾಡಿದ ಕುರ್ಚಿಯಲ್ಲಿ ಕೂತು, ಬೆರಳು ಮಡಿಸುತ್ತ ಶುರು ಮಾಡಿದರು. ಮೊದಲ ಮನೆಯ ಅತ್ತೆ, ಸೊಸೆ. ಎರಡನೆಯ ಮನೆಯ ದರ್ಜಿ, ಅವನೊಂದಿಗೆ ಮಾತು ಬಿಟ್ಟ ತಮ್ಮ. “ಅವರಿಬ್ಬರ ಹೆಸರು ಅಕ್ಕಪಕ್ಕ ಬರೀಬೇಡಿ ತಾಯಿ, ಜಗಳ ಆಡ್ತಾರೆ.” ಒಂಬತ್ತನೆಯ ಹೆಸರಿಗೆ ಕಾಲಂ ತುಂಬಿಹೋಯಿತು. ಬೇರೆ ದಾರಿ ಕಾಣದೆ, ಹಾಳೆ ಮಗುಚಲು ಟೀಚರು ಅದರ ಅಂಚು ಎತ್ತಿದರು.

ಗುಮಾಸ್ತ ಎದ್ದು ಬಂದ. ಬಿಳಿಯ ಹಾಳೆಯೊಂದನ್ನು ಕಾಲಮ್ಮಿನ ಅಂಚಿಗೆ ಅಂಟಿಸಿ, ಎರಡೂ ಹಾಳೆ ಕೂಡಿದ ಕಡೆ ಕಚೇರಿಯ ಮೊಹರು ಒತ್ತಿದ.

“ಇದರಲ್ಲಿ ಬರೀರಿ ಮೇಡಂ,” ಎಂದ. “ಒಂದೇ ಬದಿ.”