ಕೇರಿ ಕಡೆಯ ಗಾಳಿ

ಗಾಳಿ ಯಂತ್ರದ ನಾಲ್ಕನೆಯ ರೆಕ್ಕೆ ಮುರಿದು ಹಾರಿ ಬಂದು, ಗೆಡ್ಡೆ ಆರಿಸುತ್ತಿದ್ದ ಮಾಯಮ್ಮನ ತಲೆಯಿಂದ ಒಂದು ಗೇಣು ಆಚೆ, ಆಲೂಗೆಡ್ಡೆ ಮೂಟೆಯೊಳಗೆ ಹೂತುಕೊಂಡಿತು. ರಾಮಣ್ಣಗೌಡರು ಎದ್ದುಬಿದ್ದು ಓಡಿಬಂದರು. ಮೂಟೆಯನ್ನು ತಡವಿ ನೋಡಿ, "ಎಷ್ಟು ಗೆಡ್ಡೆ ಹಾಳಾದ್ವಮ್ಮಿ?" ಎಂದು ಕೇಳಿದರು.

ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿ ಗೌಡರ ಗೋಡೌನು. ಯುದ್ಧದ ಸಾಮಾನು ಹರಾಜಾದಾಗ ಬೆಂಗಳೂರಿನಲ್ಲಿ ಹಿಡಿದು ತಂದ ಗಾಳಿ ಯಂತ್ರವನ್ನು ಹಿಂಗೋಡೆಯಲ್ಲಿ ಕೂರಿಸಿದ್ದರು. ಕಬ್ಬಿಣದ ದುಂಡು ಪೀಪಾಯಿ, ಒಳಗೆ ಎರಡು ಸಾಲು ರೆಕ್ಕೆ. ಮೊದಲ ಸಾಲು ತಿರುಗಿ ಹೊರಗಿನ ಗಾಳಿಯನ್ನು ಎಳೆಯುತ್ತಿತ್ತು. ಎರಡನೆಯ ಸಾಲು ನಿಂತಲ್ಲೇ ನಿಂತು ಅದನ್ನು ನೆಟ್ಟಗೆ ಮಾಡಿ ಬಿತ್ತನೆ ಗೆಡ್ಡೆಯ ಮೇಲೆ ಬಿಡುತ್ತಿತ್ತು. ಹೊರಗೆ ಅದರ ಬಾಯಿಯ ಬಲ ಅರ್ಧ ಗೌಡರ ಹೊಲದ ಕಡೆಗೆ, ಎಡ ಅರ್ಧ ಊರಾಚೆಯ ಕೇರಿಯ ಕಡೆಗೆ. ಎಡ ಅರ್ಧಕ್ಕೆ ಗೌಡರು ಮೊದಲ ದಿನವೇ ತಗಡು ಬಡಿಸಿದ್ದರು. ಅರಕಲಗೂಡಿನವರೆಗೆ ದೊಡ್ಡ ಮನೆಗಳ ಹೊಲಕ್ಕೆ ಹೋಗುವ ಬಿತ್ತನೆ. ಕೇರಿಯ ಗಾಳಿ ಸೋಕಬಾರದು. ಆ ಗೆಡ್ಡೆಯನ್ನು ಅಗೆದವರು, ಹೊತ್ತವರು, ಈಗ ಯಂತ್ರದ ಎದುರು ಕೂತು ಕೊಳೆತದ್ದನ್ನು ಆರಿಸುತ್ತಿರುವವರು ಕೇರಿಯವರೇ. ಅವರಿಗೆ ತಗಡು ಬಡಿದಿರಲಿಲ್ಲ. ಬಡಿದರೆ ಕೆಲಸ ನಿಲ್ಲುತ್ತಿತ್ತು.

ಮಾಯಮ್ಮನ ತಮ್ಮ ಲಕ್ಕಯ್ಯನಿಗೆ ಮತ್ತೆ ಕರೆ ಹೋಯಿತು. ಬೆಂಗಳೂರಿನಲ್ಲಿ ವಿಮಾನದ ಎಂಜಿನ್ ಬಿಚ್ಚುವ ಕಡೆ ಐದು ವರ್ಷ ದುಡಿದು ಬಂದವನು. ಅವನು ಮೊದಲು ಮೂಟೆಯಲ್ಲಿನ ತೂತಿಗೂ ಅಕ್ಕ ಕೂರುವ ಮಣೆಗೂ ಇರುವ ದೂರ ನೋಡಿದ. ಆಮೇಲೆ ಮುರಿದ ರೆಕ್ಕೆಯ ಬುಡ ನೋಡಿದ. ಮುಕ್ಕಾಲು ಪಾಲು ಕಪ್ಪಗಿತ್ತು, ಕಾಲು ಪಾಲು ಹೊಳೆಯುತ್ತಿತ್ತು.

"ಕಪ್ಪಗಿರೋದು ಹಳೇ ಬಿರುಕು ಗೌಡ್ರೇ. ಒಂದೇ ಸಲ ಮುರಿದದ್ದಲ್ಲ, ದಿನಾ ಇಷ್ಟಿಷ್ಟೇ ಸೀಳ್ಕೊಂಡು ಬಂದದೆ. ಆ ತಗಡು ತೆಗೀಬೇಕು."

"ನಿನ್ನ ಕೆಲ್ಸ ಸರಿಯಿಲ್ಲ, ತಗಡಿನ ಮ್ಯಾಲೆ ಯಾಕ್ಲಾ ಆಕ್ತೀಯ?"

"ರೆಕ್ಕೆ ತಗಡಿನ ಹಿಂದಕ್ಕೆ ಬಂದಾಗ ಗಾಳಿ ಸಿಕ್ಕಲ್ಲ, ತಡವರಿಸ್ತದೆ. ಆಚೆ ಬಂದೇಟ್ಗೆ ಗಾಳಿ ರಪ್ಪಂತ ಒಡೀತದೆ. ಸುತ್ತಿಗೊಂದು ಏಟು. ನಿಮಿಷಕ್ಕೆ ಸಾವಿರದೈನೂರು ಸುತ್ತು. ತಂತೀನ ಇಂದಕ್ಕೂ ಮುಂದಕ್ಕೂ ಬಗ್ಗಿಸ್ತಾ ಇದ್ರೆ ಮುರಿಯಾಕಿಲ್ವಾ? ಅಂಗೆ."

ಗೌಡರು ಯೋಚಿಸಿದರು. ಅವರು ದಡ್ಡರಲ್ಲ. "ಅಂಗಾದ್ರೆ ಕೇರಿ ಕಡೆ ಇರೋ ರೆಕ್ಕೆಗಳ್ನ ಮಾತ್ರ ಗಟ್ಟಿ ಮಾಡು."

"ತಿರುಗೋದ್ರಲ್ಲಿ ಕೇರಿ ಕಡೆ ರೆಕ್ಕೆ, ಗೌಡ್ರ ಕಡೆ ರೆಕ್ಕೆ ಅಂತ ಇಲ್ಲ ಗೌಡ್ರೇ. ಎಲ್ಲಾ ರೆಕ್ಕೇನೂ ಕೇರಿ ಮುಂದ್ಲಿಂದ್ಲೇ ಓಗ್ಬೇಕು."

"ಬಾಯಿ ಜಾಸ್ತಿ ಆಯ್ತು ನಿಂಗೆ. ರಿಪೇರಿ ಮಾಡು."

ಲಕ್ಕಯ್ಯ ಒಂದೊಂದೇ ರೆಕ್ಕೆಯನ್ನು ಸ್ಪ್ಯಾನರಿನಿಂದ ತಟ್ಟಿ ನೋಡಿ, ಒಡಕು ದನಿಯವನ್ನೆಲ್ಲ ಬದಲಾಯಿಸಿದ. ತಗಡು ಇದ್ದಲ್ಲೇ ಇತ್ತು. ಸಂಜೆ ನಾಲ್ಕಕ್ಕೆ ಗೌಡರು ಸ್ನಾನ ಮಾಡಿ ಮಡಿಯುಟ್ಟು ಬಂದರು. ಯಾವ ಯಂತ್ರ ರಿಪೇರಿಯಾದರೂ ಅವರದೊಂದು ಪದ್ಧತಿ: ಯಜಮಾನನೇ ಎದುರು ನಿಂತು ಕರ್ಪೂರ ಬೆಳಗಬೇಕು, ಯಂತ್ರದ ಮೊದಲ ಗಾಳಿಗೇ ಅದು ಆರಬೇಕು. ಗೌಡರು ಮಾಯಮ್ಮನ ಮಣೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಅದೇ ಜಾಗದಲ್ಲಿ ನಿಂತು ಕರ್ಪೂರ ಹಚ್ಚಿದರು.

"ಆಕ್ಲಾ ಸ್ವಿಚ್ಚು."

ಲಕ್ಕಯ್ಯ ಸ್ವಿಚ್ಚಿನ ಮೇಲೆ ಕೈಯಿಟ್ಟವನು ಹಾಗೇ ನಿಂತ. "ಗೌಡ್ರೇ, ಮೊದಲ್ನೇ ರೆಕ್ಕೆ ಒಂದು ತಿಂಗ್ಳು ತಡೀತು. ಎರಡ್ನೇದು ಎಂಟು ದಿನ. ಮೂರ್ನೇದು ಮೂರು ದಿನ. ನಿನ್ನೆ ಆಕಿದ್ದು ಇವತ್ತು ಮಧ್ಯಾಹ್ನಕ್ಕೇ ಓಯ್ತು. ಬಿರುಕು ಗೊತ್ತಾದವ್ನ ತೆಗ್ದಿವ್ನಿ. ಗೊತ್ತಾಗದವು ಎಷ್ಟವೋ. ಒಸಿ ಬಗ್ಗಿ ನಿಂತ್ಕಳಿ."

ಗೌಡರು ಬಗ್ಗಲಿಲ್ಲ. ಪಕ್ಕಕ್ಕೆ ಸರಿದರು. ಪಕ್ಕದಲ್ಲಿ ಗಾಳಿ ಬರುವುದಿಲ್ಲ, ಕರ್ಪೂರ ಆರುವುದಿಲ್ಲ. ಮತ್ತೆ ಎದುರಿಗೆ ಬಂದರು. ಪೀಪಾಯಿಯೊಳಗೆ ರೆಕ್ಕೆಗಳು ಸಾಲಾಗಿ ಅವರನ್ನೇ ನೋಡುತ್ತಿದ್ದವು.

"ನೀನೇ ಇಡ್ಕಳ್ಳಲಾ ತಟ್ಟೆ" ಎಂದುಬಿಟ್ಟರು.

"ನಾನು ಆರತಿ ಎತ್ಬೋದಾ ಗೌಡ್ರೇ?"

ಗೌಡರು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. ಮೂಟೆಗಳ ಸಂದಿಯಿಂದ ಮಾಯಮ್ಮ, "ನನ್ ಕೈಗೆ ಕೊಡಿ ಬುದ್ಧೀ, ನಾನು ದಿನಾ ಕೂರೋ ಜಾಗಾನೇ ಅದು" ಎಂದಳು.

ಕರ್ಪೂರ ಅರ್ಧ ಉರಿದಿತ್ತು. ತಟ್ಟೆ ಕಾದು ಬೆರಳು ಸುಡತೊಡಗಿತು. ಆರತಿ ಹಾಗೇ ಉರಿದುಹೋದರೆ ಅಪಶಕುನ. ಯಂತ್ರ ಓಡಿದರೆ ಏನಾದೀತೋ ಗೊತ್ತಿಲ್ಲ. ಕೇರಿಯವರ ಕೈಗೆ ತಟ್ಟೆ ಹೋದರೆ ಊರಲ್ಲಿ ತಲೆಯೆತ್ತುವಂತಿಲ್ಲ.

"ತೆಗಿಯಲೋ ಆ ತಗಡ! ಬ್ಯಾಗ ತೆಗಿ! ಪೂಜೆ ಆದ್ಮೇಲೆ ಮತ್ತೆ ಬಡಿ."

ಲಕ್ಕಯ್ಯ ಹೊರಗೆ ಹೋಗಿ ಸನಿಕೆ ಹಾಕಿ ಮೀಟಿದ. ತಗಡು ಕಿರುಗುಟ್ಟಿ ಕೆಳಗೆ ಬಿತ್ತು. ಅವನು ಒಳಬಂದು ಸ್ವಿಚ್ಚು ಹಾಕಿದ. ಇಷ್ಟು ದಿನ ಕೆಮ್ಮುತ್ತಿದ್ದ ಯಂತ್ರ ಅಂದು ಒಂದೇ ಸಮನೆ ಗುಂಯ್ ಎಂದಿತು. ಕೇರಿಯ ಒಲೆಗಳ ಹೊಗೆ, ಹುರುಳಿ ಬೇಯುವ ವಾಸನೆ ಹೊತ್ತು ಬಂದ ಗಾಳಿಗೆ ಕರ್ಪೂರ ಫಕ್ಕನೆ ಆರಿತು. ಶಕುನ ಅಷ್ಟು ಚೊಕ್ಕಟವಾಗಿ ಎಂದೂ ಆಗಿರಲಿಲ್ಲ.

"ತಗಡು ಬಡೀಲಾ ಗೌಡ್ರೇ?" ಲಕ್ಕಯ್ಯ ಮೊಳೆ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಬಡಿದ್ರೆ ನಾಳೆ ರಿಪೇರಿ. ರಿಪೇರಿಯಾದ್ರೆ ಮತ್ತೆ ಆರತಿಗೆ ನೀವೇ ಬರ್ಬೇಕು."

ಗೌಡರು ಆ ಗಾಳಿಗೆ ಬೆನ್ನು ಹಾಕಿ, ಹೆಗಲ ಮೇಲಿನ ವಲ್ಲಿಯಿಂದ ಮೂಗು ಬಿಗಿಯಾಗಿ ಒತ್ತಿಕೊಂಡು, ಬೇಡ ಎಂದು ಕೈ ಆಡಿಸಿದರು.

ಮಾಯಮ್ಮ ಮಣೆಯನ್ನು ಎಳೆದುಕೊಂಡು ತನ್ನ ಜಾಗದಲ್ಲಿ ಕೂತಳು. ಕೊಳೆತದ್ದೊಂದನ್ನು ಆರಿಸಿ ಆಚೆಗೆಸೆದು, ಗೌಡರನ್ನೇ ನೋಡುತ್ತಾ ಹೇಳಿದಳು:

"ಲಕ್ಕಾ, ಬುದ್ಧೇರು ಮೂಗು ಮುಚ್ಕಂಡವ್ರೆ. ನಮ್ ಗಾಳೀನ ಬಾಯಲ್ಲಿ ಎಳ್ಕತಾವ್ರೆ ಕಣ್ಲಾ."