ಒಣ ಮಣ್ಣು

ಹೊರಗಿನ ಗಾಳಿ ವಿಷವಾದ ಮೇಲೆ ಹಾಸ್ಟೆಲಿನಲ್ಲಿ ಉಸಿರಾಟಕ್ಕೆ ತಲೆಗೊಂದು ಸಸಿ. ಅದು ಸತ್ತರೆ ಅದರ ಒಡತಿ ಹೊರಗೆ. ಹೆದರಿಕೆಯಲ್ಲಿ ನೀರು ಸುರಿದೂ ಸುರಿದೂ ನನ್ನ ಸಸಿ ಹಳದಿಯಾಗಿ ಮಲಗಿತ್ತು.

"ಇದೇನು ಸಸೀನೋ ಎಮ್ಮೇನೋ? ದಿನಾ ಮೀಯಿಸ್ತೀಯಲ್ಲೇ!" ರೂಮಿನ ಗೆಳತಿ ಕಸ್ತೂರಿ ನಕ್ಕಳು. "ಬೇರಿಗೆ ಉಸಿರು ಕಟ್ಟಿದೆ. ಕೊಡಿಲ್ಲಿ."

ಕೊಳೆತ ಬೇರು ಕತ್ತರಿಸಿ, ತನ್ನ ಕುಂಡದ ಒಣ ಮಣ್ಣನ್ನು ನನ್ನದಕ್ಕೆ ತುಂಬಿದಳು. ಬೇರೆ ಮಣ್ಣು ಎಲ್ಲಿತ್ತು? ನನ್ನ ಕೆಸರಿನಲ್ಲೇ ತನ್ನ ಸಸಿಯನ್ನು ನೆಟ್ಟಳು.

"ನಂದು ಗಟ್ಟಿ, ತಡ್ಕೊಳ್ಳುತ್ತೆ ಬಿಡೇ."

ವಾರದಲ್ಲಿ ನನ್ನದು ಚಿಗುರಿತು. ಅವಳದು ಬುಡ ಕೊಳೆತು ಬಿದ್ದಿತು.

ಇಂದು ತಪಾಸಣೆಯವರು ಬಂದರು. "ಸತ್ತಿರೋದು ಯಾರದ್ದು?"

ಕಸ್ತೂರಿ ನನ್ನತ್ತ ನೋಡಿದಳು. ಆ ಕೆಸರು ನನ್ನದೆಂದು ಹೇಳಬೇಕಿತ್ತು. ನಾನು ನನ್ನ ಚಿಗುರಿದ ಕುಂಡವನ್ನು ಎದೆಗೆ ಅಪ್ಪಿಕೊಂಡೆ.

ಈಗ ಡೈರಿಯಲ್ಲಿ ಬರೆಯುತ್ತಿದ್ದೇನೆ. ಕೋಣೆಯಲ್ಲಿ ಒಬ್ಬಳಿಗೆ ಸಾಕಾಗುವಷ್ಟು ಗಾಳಿಯಿದೆ.