ಸೋಲಾಪುರದ ಹುಕುಂ

“ನಮ್ಮ ವೈನಿನ್ನ ಸೋಲಾಪುರ ಕೋರ್ಟ್ ನನ್ನ ಸುಪರ್ದಿಗಿ ಕೊಟ್ಟದರಿ,” ಎಂದು ಅತ್ತಿಗೆ ಗುರುಶಾಂತಮ್ಮನ ಎದುರೇ ಮೈದುನ ಬಸವಂತರಾಯ ಕಲಬುರ್ಗಿಯ ಜಡ್ಜ್‌ಸಾಹೇಬರ ಮುಂದೆ ಹುಕುಂ ಇಟ್ಟ. ಗುರುಶಾಂತಮ್ಮನ ಅಣ್ಣ ಜಗದೇವಪ್ಪ ಮುಂದೆ ಬಂದ. ಗಂಡ ಸತ್ತ ಮೇಲೆ ಬುದ್ಧಿ ಸ್ಥಿಮಿತ ತಪ್ಪಿದ ತಂಗಿಯನ್ನು ಅವನು ಎರಡು ವರ್ಷದ ಹಿಂದೆಯೇ ಕಲಬುರ್ಗಿ ಜಿಲ್ಲೆಯ ತನ್ನೂರು ಕರಜಗಿಗೆ ಕರೆತಂದಿದ್ದ.

“ಆಕಿ ನಮ್ಮಲ್ಲಿ ಇದ್ದಾಗ ಅಲ್ಲಿ ಹುಕುಂ ಹ್ಯಾಂಗ್ ಆಗ್ತದ್ರಿ, ಸಾಹೇಬ್ರ?”

“ನೀವು ಎಲ್ಲಿರ್ತೀರಮ್ಮ?” ಜಡ್ಜರು ಅವಳನ್ನೇ ಕೇಳಿದರು. ಗುರುಶಾಂತಮ್ಮ ಸೆರಗಿನ ತುದಿ ಸುತ್ತುತ್ತ ನಿಂತಳು. ಅವಳನ್ನು ಇವತ್ತೇ ಒಯ್ದುಬಿಡುತ್ತಾರೆಂದು ಜಗದೇವಪ್ಪ ತಂಗಿಯ ಪಕ್ಕಕ್ಕೆ ಸರಿದ.

“ಹೇಳ್ರಿ ವೈನಿ,” ಎನ್ನುತ್ತ ಬಸವಂತರಾಯ ಟೋಪಿ ಸರಿಪಡಿಸಿಕೊಳ್ಳಲು ಕೈ ಎತ್ತಿದ. ಅವಳು ಥಟ್ಟನೆ ಕುಸಿದು, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು, “ಹೊಡೀಬ್ಯಾಡ್ರಿ” ಎಂದು ಚೀರಿದಳು.

ಜಡ್ಜರು ಹುಕುಂ ಬದಿಗಿಟ್ಟರು. “ಕೇಸು ಇಲ್ಲೇ ನಡೆಯುತ್ತದೆ. ಅದು ಮುಗಿಯುವತನಕ ಇವರು ಕರಜಗಿಯಲ್ಲೇ ಇರಲಿ.”

ತಂಗಿಯ ಆ ಭಯದಿಂದಲೇ ಗೆದ್ದ ಜಗದೇವಪ್ಪನಿಗೆ ಅವಳ ಮುಖ ನೋಡಲಾಗಲಿಲ್ಲ.